ತೆಳು ಲ್ಯಾಪ್‌ಟಾಪ್ ಕೈಕೊಟ್ಟರೆ ಮೊದಲು ಗೋಡೆಯ ಪ್ಲಗ್ ನೋಡಿ

ಕೋಲಾರದ ಕಡೆ ಹೊಸದಾಗಿ ತೆಳು ಲ್ಯಾಪ್‌ಟಾಪ್ ಕೊಂಡವರು ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಮುಟ್ಟಿದರೆ ಜುಮ್ ಅನ್ನುತ್ತದೆ. ಚಾರ್ಜ್ ಏರೋದೇ ಇಲ್ಲ. ಇದ್ದಕ್ಕಿದ್ದಂತೆ ಸ್ಲೋ ಆಗುತ್ತದೆ. ಬ್ಯಾಗಿನಲ್ಲಿಟ್ಟು ತೆಗೆದರೆ ಸುಡುತ್ತಿರುತ್ತದೆ. ಕೇಳಿದ ಕೂಡಲೇ "ಪೀಸೇ ಸರಿ ಇಲ್ಲ, ಬೆಂಗಳೂರಿಗೆ ಹೋಗಿ ಬದಲಾಯಿಸ್ಕೊಂಡು ಬಾ" ಅನ್ನುವವರು ಜಾಸ್ತಿ.

ನಾನು ಈ ಊರಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ನಾನು ನೋಡಿದ ಮಟ್ಟಿಗೆ, ಹೊಸ ಮೆಷಿನ್ ಮೇಲೆ ಬರುವ ಇಂಥ ದೂರುಗಳಲ್ಲಿ ಬಹುಪಾಲು ಮೆಷಿನ್ ಒಳಗಿನವಲ್ಲ. ತೊಂದರೆ ಇರುವುದು ಗೋಡೆಯ ಪ್ಲಗ್ಗಿನಲ್ಲಿ, ಕೇಬಲ್ಲಿನಲ್ಲಿ ಅಥವಾ ಯಾವುದೋ ಒಂದು ಸೆಟ್ಟಿಂಗಿನಲ್ಲಿ. ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು, ಬಸ್ಸು ಹತ್ತುವ ಮೊದಲು, ಮನೆಯಲ್ಲೇ ನೋಡಬಹುದಾದದ್ದನ್ನು ಇಲ್ಲಿ ಬರೆದಿದ್ದೇನೆ.

"ಹಳೇ ಲ್ಯಾಪ್‌ಟಾಪ್ ಇದೇ ಪ್ಲಗ್ಗಿನಲ್ಲಿ ವರ್ಷಗಟ್ಟಲೆ ಓಡಿತಲ್ಲ?" ಅಂತ ಕೇಳುತ್ತಾರೆ. ಹೌದು, ಓಡಿತು. ಅದರ ಮೈ ಪ್ಲಾಸ್ಟಿಕ್ಕಿನದು, ಕರೆಂಟ್ ಸ್ವಲ್ಪ ಸೋರಿದರೂ ಕೈಗೆ ಗೊತ್ತಾಗುತ್ತಿರಲಿಲ್ಲ. ತೆಳು ಮೆಷಿನ್‌ನ ಮೈ ಸಾಮಾನ್ಯವಾಗಿ ಅಲ್ಯೂಮಿನಿಯಂ. ಹಳೆಯದಕ್ಕೆ ದಪ್ಪ ಪಿನ್ನಿನ ಅದರದೇ ಚಾರ್ಜರ್ ಇತ್ತು, ಬೇರೆಯದು ಸಿಕ್ಕಿಸಲು ಆಗುತ್ತಲೇ ಇರಲಿಲ್ಲ. ಈಗ ಟೈಪ್-ಸಿ, ಮನೆಯಲ್ಲಿರುವ ಯಾವ ಚಾರ್ಜರ್ ಬೇಕಾದರೂ ಹಿಡಿಸುತ್ತದೆ. ಹಳೆಯದರಲ್ಲಿ ಗಾಳಿ ಆಡಲು ಜಾಗ ಇತ್ತು. ಹೊಸದರಲ್ಲಿ ಫ್ಯಾನ್ ಸಣ್ಣದು, ಕೆಲವದರಲ್ಲಿ ಫ್ಯಾನೇ ಇಲ್ಲ. ಅಂದರೆ ಸುತ್ತಲಿನ ಸಣ್ಣ ಲೋಪವೂ ತೆಳು ಮೆಷಿನ್‌ನಲ್ಲಿ ಎದ್ದು ಕಾಣುತ್ತದೆ.

ಮೊದಲ ಪರೀಕ್ಷೆ

ತೊಂದರೆ ಯಾವುದೇ ಇರಲಿ, ಮೊದಲು ಚಾರ್ಜರ್ ಕಿತ್ತುಬಿಡಿ. ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ), ಮೌಸ್, ಪೆನ್‌ಡ್ರೈವ್, ಎಲ್ಲ ತೆಗೆಯಿರಿ. ಬರೀ ಬ್ಯಾಟರಿಯಲ್ಲಿ ಅರ್ಧ ಗಂಟೆ ಎಂದಿನ ಕೆಲಸ ಮಾಡಿ. ತೊಂದರೆ ಮಾಯವಾದರೆ ದೋಷ ಬಹುತೇಕ ಹೊರಗಿದೆ. ಹಾಗೇ ಉಳಿದರೆ ಒಳಗೋ ಸೆಟ್ಟಿಂಗಿನಲ್ಲೋ ಇದೆ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಹೊರಗಿದೆ ಅಂತ ಗೊತ್ತಾದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಕೇಬಲ್, ಚಾರ್ಜರ್, ಪ್ಲಗ್ ಮೂರನ್ನೂ ಒಟ್ಟಿಗೆ ಬದಲಿಸಿ "ಸರಿ ಹೋಯ್ತು" ಅಂದುಕೊಂಡರೆ ಯಾವುದು ಕೆಟ್ಟಿತ್ತು ಅಂತ ತಿಳಿಯುವುದಿಲ್ಲ. ಕೆಟ್ಟದ್ದು ಮತ್ತೆ ಯಾವತ್ತೋ ಕೈಗೆ ಬರುತ್ತದೆ.

ಮುಟ್ಟಿದರೆ ಜುಮ್ ಅನ್ನುತ್ತದೆ, ಟಚ್‌ಪ್ಯಾಡ್ ಹೇಳಿದ ಮಾತು ಕೇಳಲ್ಲ

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವುದು ಇದೇ. ಚಾರ್ಜಿಗೆ ಹಾಕಿ ಮುಂಗೈ ಇಟ್ಟರೆ ಸಣ್ಣಗೆ ನಡುಗಿದ ಹಾಗೆ ಆಗುತ್ತದೆ. ಬರಿಗಾಲಲ್ಲಿ ನೆಲ ಮೆಟ್ಟಿದ್ದರೆ ಇನ್ನೂ ಜಾಸ್ತಿ. ಟಚ್‌ಪ್ಯಾಡ್ ಮೇಲೆ ಬೆರಳಿಟ್ಟರೆ ಬಾಣದ ಗುರುತು ತಾನೇ ಎತ್ತಲೋ ಓಡುತ್ತದೆ. ಮನೆಯವರು ಟೆಸ್ಟರ್ ತಂದು ಮುಚ್ಚಳಕ್ಕೆ ಇಡುತ್ತಾರೆ. ಅದು ಉರಿಯುತ್ತದೆ. ಅಲ್ಲಿಗೆ ಲ್ಯಾಪ್‌ಟಾಪ್ ಮುಟ್ಟುವುದೇ ಬಂದ್.

ಏನಾಗುತ್ತಿದೆ ಅಂದರೆ, ಚಾರ್ಜರ್ ಒಳಗೆ ಮೇನ್ಸ್ ಕಡೆಗೂ ಲ್ಯಾಪ್‌ಟಾಪ್ ಕಡೆಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ವಿದ್ಯುತ್ ಗದ್ದಲ ಕಡಿಮೆ ಮಾಡಲು ಅದನ್ನು ಬೇಕೆಂದೇ ಇಟ್ಟಿರುತ್ತಾರೆ. ಅದರ ಮೂಲಕ ಒಂದಿಷ್ಟು ಕರೆಂಟ್ ಲ್ಯಾಪ್‌ಟಾಪಿನ ಮೈಗೆ ಹರಿಯುತ್ತದೆ. ಒಳ್ಳೆಯ ಚಾರ್ಜರ್‌ನಲ್ಲಿ ಅದು ಕಾಲು ಮಿಲಿ ಆಂಪಿಯರ್‌ಗಿಂತ ಕಡಿಮೆ, ಅಪಾಯ ಇಲ್ಲ. ಟೆಸ್ಟರ್‌ನ ದೀಪಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ ಕರೆಂಟ್ ಸಾಕು. ಅದಕ್ಕೇ ಉರಿಯುತ್ತದೆ. ಮೀಟರ್ ಇಟ್ಟರೆ ಮೈಯಲ್ಲಿ ನೂರು ವೋಲ್ಟ್ ಹತ್ತಿರ ತೋರಿಸಿದರೂ ಅಚ್ಚರಿಪಡಬೇಡಿ. ವೋಲ್ಟೇಜ್ ಕಾಣುತ್ತದೆ, ಆದರೆ ಅದರ ಹಿಂದೆ ಬಲ ಇಲ್ಲ.

ಈ ಸೋರಿಕೆ ನೆಲಕ್ಕೆ ಹೋಗಲು ದಾರಿ ಇದ್ದರೆ ನಿಮ್ಮ ಕೈಗೆ ಬರುವುದಿಲ್ಲ. ಆ ದಾರಿಯೇ ಅರ್ತಿಂಗ್. ಎರಡು ಪಿನ್ನಿನ ಚಾರ್ಜರ್‌ಗೆ ಆ ದಾರಿ ಇಲ್ಲವೇ ಇಲ್ಲ. ಮೂರು ಪಿನ್ನಿನದಕ್ಕೆ ಸಾಮಾನ್ಯವಾಗಿ ಇರುತ್ತದೆ, ಆದರೆ ಗೋಡೆಯ ಹಿಂದೆ ಅರ್ತ್ ವೈರ್ ನಿಜವಾಗಿ ನೆಲ ಮುಟ್ಟಿದ್ದರೆ ಮಾತ್ರ.

ಮಾಲೂರು ಕಡೆಯ ಒಂದು ಹಳ್ಳಿಯಲ್ಲಿ ಬಿಸಿಎ ಓದುವ ಹುಡುಗಿಯ ಲ್ಯಾಪ್‌ಟಾಪ್ ನೋಡಲು ಹೋಗಿದ್ದೆ. ಚಾರ್ಜರ್ ಮೂರು ಪಿನ್ನಿನದೇ. ಅದನ್ನು ಸಿಕ್ಕಿಸಿದ್ದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲೂ ಮೂರು ತೂತು. ಆದರೆ ಬೋರ್ಡಿನಿಂದ ಹೊರಟ ವೈರ್ ತೆಳ್ಳಗಿತ್ತು. ಬಿಚ್ಚಿ ನೋಡಿದರೆ ಒಳಗೆ ಎರಡೇ ವೈರ್, ಮೇಲಿನ ದಪ್ಪ ತೂತಿನ ಹಿಂದೆ ಖಾಲಿ. ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿದೆವು. ಆಗಲೂ ಟೆಸ್ಟರ್ ಉರಿಯಿತು. ಮನೆ ಹಿಂದೆ ಕೊಟ್ಟಿಗೆ ಪಕ್ಕದಲ್ಲಿ ಅರ್ತ್ ಗುಂಡಿ ಇತ್ತು. ಪೈಪಿಗೆ ವೈರ್ ಬಿಗಿದಿದ್ದ ಕ್ಲಾಂಪ್ ತುಕ್ಕು ಹಿಡಿದು ಪುಡಿಯಾಗಿತ್ತು. ವೈರ್ ಸುಮ್ನೆ ಪೈಪಿಗೆ ಒರಗಿಕೊಂಡಿತ್ತು. ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಆಫ್ ಮಾಡಿ, ಪೈಪ್ ಉಜ್ಜಿ ಹೊಸ ಕ್ಲಾಂಪ್ ಹಾಕಿಸಿದರು. ಗುಂಡಿಗೆ ನಾಲ್ಕು ಬಿಂದಿಗೆ ನೀರು ಸುರಿದರು. ಆಮೇಲೆ ಮುಚ್ಚಳಕ್ಕೆ ಟೆಸ್ಟರ್ ಇಟ್ಟರೆ ದೀಪ ಹತ್ತಲಿಲ್ಲ. ಹುಡುಗಿಯ ಅಜ್ಜಿ ಬಂದು ಅಂಗೈ ಇಟ್ಟು ನೋಡಿದರು. ಟಚ್‌ಪ್ಯಾಡ್ ಕೂಡ ಸರಿಯಾಗಿ ಓಡಿತು. ಲ್ಯಾಪ್‌ಟಾಪಿನ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ.

ಇಲ್ಲಿ ನೀರು ಸುರಿಯುವ ಮಾತು ದೊಡ್ಡದು. ನಮ್ಮದು ಒಣ ನೆಲ. ವರ್ಷವಿಡೀ ಹರಿಯುವ ನದಿ ಇಲ್ಲ, ಬೋರ್‌ವೆಲ್ ನೀರು ಪಾತಾಳದಲ್ಲಿದೆ. ಮಣ್ಣು ಒಣಗಿದರೆ ಕರೆಂಟ್ ಇಂಗುವುದಿಲ್ಲ. ಗುಂಡಿಗೆ ಉಪ್ಪು, ಇದ್ದಿಲು ತುಂಬುವುದು ತೇವ ಉಳಿಯಲಿ ಅಂತ. ಫೆಬ್ರವರಿ ಕಳೆದ ಮೇಲೆ ಮಳೆ ಬೀಳುವವರೆಗೂ ಗುಂಡಿಗೆ ಆಗಾಗ ನೀರು ಹಾಕಬೇಕು. ಮಳೆಗಾಲದಲ್ಲಿ ಸುಮ್ಮನಿದ್ದ ಲ್ಯಾಪ್‌ಟಾಪ್ ಯುಗಾದಿ ಹೊತ್ತಿಗೆ ಜುಮ್ ಅನ್ನಲು ಶುರುಮಾಡಿದರೆ ಗುಂಡಿಯ ಕಡೆ ಹೋಗಿ ನೋಡಿ.

ಮೀಟರ್ ಹಿಡಿಯಲು ಬರುವವರಿಗೆ: ಫೇಸ್‌ನಿಂದ ನ್ಯೂಟ್ರಲ್‌ಗೆ 230 ವೋಲ್ಟ್ ಆಸುಪಾಸು ಬರಬೇಕು. ಫೇಸ್‌ನಿಂದ ಅರ್ತ್‌ಗೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್‌ನಿಂದ ಅರ್ತ್‌ಗೆ ಎರಡು ಮೂರು ವೋಲ್ಟ್ ದಾಟಬಾರದು. ಫೇಸ್‌ನಿಂದ ಅರ್ತ್‌ಗೆ ತೀರಾ ಕಡಿಮೆ ಬಂದರೆ ಅರ್ತ್ ಎಲ್ಲೋ ಕಡಿದಿದೆ. ಸರಿಯಾಗಿ ಬಂದರೂ ಅರ್ತ್ ಗಟ್ಟಿ ಇದೆ ಅಂತ ಖಾತ್ರಿ ಇಲ್ಲ, ಯಾಕೆಂದರೆ ಮೀಟರ್ ಬಹಳ ಕಡಿಮೆ ಕರೆಂಟ್ ಎಳೆಯುತ್ತದೆ. ಗುಂಡಿಯ ನಿಜವಾದ ಶಕ್ತಿ ಅಳೆಯಲು ಬೇರೆ ಉಪಕರಣ ಇದೆ, ಅದು ಎಲೆಕ್ಟ್ರಿಷಿಯನ್ ಕೆಲಸ. ಅಭ್ಯಾಸ ಇಲ್ಲದವರು ಪ್ಲಗ್ ತೂತಿಗೆ ಏನನ್ನೂ ಹಾಕಬೇಡಿ, ದಯವಿಟ್ಟು.

ಇನ್ನೊಂದು ವಿಷಯ ಗಮನಿಸಿ. ಸಣ್ಣ ಜುಮ್ ಬೇರೆ, ಕೈ ಎಳೆದುಕೊಳ್ಳುವಂಥ ಶಾಕ್ ಬೇರೆ. ಎರಡನೆಯದಾದರೆ, ಅಥವಾ ಫ್ರಿಜ್, ಗ್ರೈಂಡರ್, ನಲ್ಲಿ ಮುಟ್ಟಿದರೂ ಹೊಡೆಯುತ್ತಿದ್ದರೆ, ಮೇನ್ ಆಫ್ ಮಾಡಿ. ಮನೆಯ ಎಲ್ಲ ಅರ್ತ್ ವೈರ್‌ಗಳೂ ಒಂದೇ ಕಡೆ ಸೇರುತ್ತವೆ. ಗುಂಡಿ ಸತ್ತಿದ್ದರೆ ಫ್ರಿಜ್ಜಿನ ಸೋರಿಕೆ ಅದೇ ವೈರ್ ಹಿಡಿದು ಲ್ಯಾಪ್‌ಟಾಪ್ ಮೈಗೆ ಬರುತ್ತದೆ. ಆಗ ಅದು ಕಾಲು ಮಿಲಿ ಆಂಪಿಯರ್ ಲೆಕ್ಕ ಅಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಅರ್ತ್ ಜತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಜೀವದ ವಿಷಯದಲ್ಲಿ ಆ ಖರ್ಚಿಗೆ ಹಿಂದೆಮುಂದೆ ನೋಡಬಾರದು.

1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂದಿತ್ತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿದ್ದು 1905ರಲ್ಲಿ. ಅಷ್ಟು ಹಿಂದಿನಿಂದ ಕರೆಂಟ್ ಕಂಡ ಜಿಲ್ಲೆಯಲ್ಲಿ ಇವತ್ತಿಗೂ ಅರ್ತ್ ಇಲ್ಲದ ಮನೆ ಸಿಗುತ್ತದೆ ಅನ್ನುವುದು ನನಗೆ ನೋವಿನ ವಿಷಯ.

ಚಾರ್ಜ್ ಏರುತ್ತಿಲ್ಲ, ಏರಿದರೂ ಆಮೆ ವೇಗ

ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ ಅಂತ ಇರುವ ಸಾಲಿನಲ್ಲಿ 20 ವೋಲ್ಟ್ 3.25 ಆಂಪಿಯರ್ ಅಂತಿದ್ದರೆ ಅದು 65 ವ್ಯಾಟ್. ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಿಗೆ 45ರಿಂದ 65 ವ್ಯಾಟ್ ಬೇಕು. ಬರೀ 5 ವೋಲ್ಟ್ 3 ಆಂಪಿಯರ್ ಅಂದರೆ 15 ವ್ಯಾಟ್. ಅದರಲ್ಲಿ ಲ್ಯಾಪ್‌ಟಾಪ್ ಆನ್ ಇದ್ದರೆ ಬ್ಯಾಟರಿ ಏರುವ ಬದಲು ಇಳಿಯಲೂಬಹುದು.

ಇಲ್ಲಿ ಎಲ್ಲರೂ ಎಡವುವುದು ಮೊಬೈಲ್ ಚಾರ್ಜರ್ ವಿಷಯದಲ್ಲಿ. "ಇದು 80 ವ್ಯಾಟ್, ಲ್ಯಾಪ್‌ಟಾಪಿನದು 65, ಇನ್ನೂ ಒಳ್ಳೇದೇ ಅಲ್ವಾ?" ಅಲ್ಲ. ಮೊಬೈಲಿನ 80 ವ್ಯಾಟ್ ಸಾಮಾನ್ಯವಾಗಿ ಆ ಕಂಪನಿಯ ಮೊಬೈಲಿಗೆ ಮಾತ್ರ. ಲ್ಯಾಪ್‌ಟಾಪ್ ಕೇಳುವುದು ಪವರ್ ಡೆಲಿವರಿ, ಅಂದರೆ ಪಿಡಿ ಅನ್ನುವ ಬೇರೆ ಪದ್ಧತಿಯಲ್ಲಿ. ಚಾರ್ಜರ್‌ಗೆ ಅದು ಬರದಿದ್ದರೆ 15 ವ್ಯಾಟ್ ಅಥವಾ ಅದಕ್ಕೂ ಕಡಿಮೆಗೆ ಇಳಿಯುತ್ತದೆ. ಚಾರ್ಜರ್ ಮೇಲೆ ಪಿಡಿ ಅಂತ ಇದೆಯಾ, ಔಟ್‌ಪುಟ್ ಪಟ್ಟಿಯಲ್ಲಿ 20 ವೋಲ್ಟ್ ಇದೆಯಾ, ಇವೆರಡನ್ನೇ ನೋಡಿ.

ಕೇಬಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಎರಡೂ ತುದಿ ಟೈಪ್-ಸಿ ಇರುವ ಸಾಧಾರಣ ಕೇಬಲ್ 3 ಆಂಪಿಯರ್ ತಡೆಯುತ್ತದೆ, ಅಂದರೆ 60 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಾದರೆ ತುದಿಯಲ್ಲಿ ಸಣ್ಣ ಚಿಪ್ ಇರುವ ಕೇಬಲ್ ಬೇಕು, ಅದರ ಮೇಲೆ 100 ಅಥವಾ 240 ವ್ಯಾಟ್ ಅಂತ ಬರೆದಿರುತ್ತದೆ. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಆಗಿದ್ದರೆ ಪಿಡಿ ಹರಿಯುವುದೇ ಇಲ್ಲ.

ಚಾರ್ಜರ್, ಕೇಬಲ್ ಎರಡೂ ಸರಿ ಇದ್ದರೆ ಪೋರ್ಟ್ ನೋಡಿ. ಟೈಪ್-ಸಿ ಎರಡಿದ್ದರೂ ಒಂದರಲ್ಲಿ ಮಾತ್ರ ಚಾರ್ಜ್ ಆಗುವ ಮಾಡೆಲ್‌ಗಳಿವೆ. ಪೋರ್ಟ್ ಒಳಗೆ ಬ್ಯಾಗಿನ ನೂಲು, ಕೆಂಪು ಧೂಳು ಕೂತು ಪ್ಲಗ್ ಪೂರ್ತಿ ಇಳಿಯದಿರಬಹುದು. ಮೆಷಿನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಹೊರಕ್ಕೆಳೆಯಿರಿ. ಪಿನ್, ಸೂಜಿ ಬೇಡ.

ಹೊಸ ಚಾರ್ಜರ್ ಕೊಳ್ಳುವುದಾದರೆ ಅದರ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಡಿಮ್ ವೋಲ್ಟೇಜ್‌ಗೆ ಹೆದರಿ ಸ್ಟೆಬಿಲೈಜರ್ ತರುವವರಿದ್ದಾರೆ. ಬೇಕಾಗಿಲ್ಲ. ಇವತ್ತಿನ ಲ್ಯಾಪ್‌ಟಾಪ್ ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ. ತ್ರೀ ಫೇಸ್ ಬಂದು ಮೋಟರ್‌ಗಳೆಲ್ಲ ಒಟ್ಟಿಗೆ ಓಡಿ ಬಲ್ಬ್ ಮಂಕಾದರೂ ಅದಕ್ಕೆ ತೊಂದರೆ ಇಲ್ಲ. ಅಪಾಯ ಇರುವುದು ವೋಲ್ಟೇಜ್ ಏರಿದಾಗ. ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಒಂದು ಮನೆಗೆ 400 ವೋಲ್ಟ್ ಹತ್ತಿರ ನುಗ್ಗಬಹುದು. ಕೆಲವು ಬಲ್ಬ್ ಕಣ್ಣು ಕುಕ್ಕುವಷ್ಟು ಉರಿದು, ಪಕ್ಕದ ಮನೆಯವು ಮಂಕಾದರೆ ತಕ್ಷಣ ಮೇನ್ ಆಫ್ ಮಾಡಿ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಗುಡುಗು ಸಿಡಿಲಿನ ಹೊತ್ತಲ್ಲೂ ಚಾರ್ಜರ್ ಕಿತ್ತಿಡುವುದೇ ಒಳ್ಳೆಯದು.

ಕರೆಂಟ್ ಹೋಗಿ ಬಂದ ಮೇಲೆ ಮೆಷಿನ್ ಸತ್ತ ಹಾಗೆ ಬಿದ್ದಿದ್ದರೆ ಅದು ಬೇರೆ ಕಥೆ. ಚಾರ್ಜರ್ ಎರಡೂ ಕಡೆಯಿಂದ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟು ಚಾರ್ಜರ್ ಹಾಕಿ ಆನ್ ಮಾಡಿ. ಎಷ್ಟೋ ಸಲ ಎದ್ದು ಕೂರುತ್ತದೆ.

ಸ್ಲೋ ಆಗಿದೆ

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ. ಸ್ಪೀಡ್ ಅಂತ ಒಂದು ಅಂಕಿ ಕಾಣುತ್ತದೆ. ಕೆಲಸ ಮಾಡುವಾಗ ಅದು ಏರಿಳಿಯುತ್ತಿರಬೇಕು. 0.4 ಗಿಗಾಹರ್ಟ್ಸ್ ಹತ್ತಿರ ಅಂಟಿಕೊಂಡು ಕೂತಿದ್ದರೆ, ಮೈ ತಣ್ಣಗೇ ಇದ್ದರೆ, ಚಾರ್ಜರ್ ಕಿತ್ತು ನೋಡಿ. ಕಿತ್ತ ಕೂಡಲೇ ಅಂಕಿ ಜಿಗಿದರೆ ಚಾರ್ಜರ್ ಕಡೆಯದೇ ತಪ್ಪು. ಸಾಕಷ್ಟು ಶಕ್ತಿ ಬರುತ್ತಿಲ್ಲ ಅಂತ ಮೆಷಿನ್ ತನ್ನ ವೇಗ ತಾನೇ ಕಟ್ಟಿಹಾಕಿಕೊಂಡಿರುತ್ತದೆ. ಸ್ಲೋ ಅಂತ ಬಂದವರನ್ನೂ ನಾನು ಮೊದಲು "ಯಾವ ಚಾರ್ಜರ್ ಹಾಕ್ತೀರಿ?" ಅಂತ ಕೇಳುವುದು ಇದಕ್ಕೇ.

ಮೈ ಬಿಸಿಯಾದಾಗ ಮಾತ್ರ ಸ್ಲೋ ಆದರೆ ಅದು ಶಾಖ. ಇಂಥ ಮೆಷಿನ್‌ಗಳಿಗೆ ಕಂಪನಿಗಳು ಸಾಮಾನ್ಯವಾಗಿ ಹೇಳುವ ಮಿತಿ ಸುತ್ತಲಿನ ಗಾಳಿ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಶೀಟ್ ಮನೆಯೊಳಗೆ ಅದು ಸುಲಭವಾಗಿ ದಾಟುತ್ತದೆ. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ, ಅಡಿಯ ಗಾಳಿ ಕಿಂಡಿ ಮುಚ್ಚಿಹೋಗುತ್ತದೆ. ಫ್ಯಾನ್ ಇಲ್ಲದ ಮೆಷಿನ್ ಆಗಿದ್ದರೆ ಉದ್ದದ ವಿಡಿಯೋ ಎಡಿಟಿಂಗ್ ಬೆಳಗ್ಗೆಯೋ ರಾತ್ರಿಯೋ ಮಾಡಿಕೊಳ್ಳಿ. ಫ್ಯಾನ್ ಇರುವುದಾದರೆ ಧೂಳು ನೋಡಬೇಕು. ಮಾಲೂರಿನ ಇಟ್ಟಿಗೆ, ಹೆಂಚಿನ ಕಾರ್ಖಾನೆ ಸುತ್ತ, ರಸ್ತೆ ಬದಿ ಅಂಗಡಿಗಳಲ್ಲಿ ಬಳಸುವವರಿಗೆ ವರ್ಷಕ್ಕೊಮ್ಮೆ ಫ್ಯಾನ್ ಶುಚಿ ಮಾಡಿಸುವುದು ಒಳ್ಳೆಯದು. ಬ್ಲೋಯರ್‌ನಿಂದ ಹೊರಗಿನಿಂದಲೇ ಜೋರಾಗಿ ಊದಬೇಡಿ. ತೆಳು ಫ್ಯಾನ್ ಮಿತಿ ಮೀರಿ ತಿರುಗಿ ಕೆಡುತ್ತದೆ.

ಕೊಂಡ ಮೊದಲ ಕೆಲವು ದಿನ ಅಪ್‌ಡೇಟ್, ಫೈಲ್ ಪಟ್ಟಿ ಮಾಡುವ ಕೆಲಸ ಹಿಂದೆ ನಡೆಯುತ್ತಿರುತ್ತದೆ. ಆ ಸ್ಲೋ ತಾನೇ ಹೋಗುತ್ತದೆ. ರ‍್ಯಾಮ್ ಸಾಲದೆ ಸ್ಲೋ ಆಗಿದ್ದರೆ ಮಾತ್ರ ದಾರಿ ಕಷ್ಟ, ಬಹಳಷ್ಟು ತೆಳು ಮೆಷಿನ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಆಮೇಲೆ ಹಾಕಿಸಿಕೊಳ್ಳೋಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬ್ಯಾಗಿನೊಳಗೆ ಬಿಸಿ, ಬ್ಯಾಟರಿ ಖಾಲಿ

ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರ ದೂರು ಇದು. ಮನೆಯಲ್ಲಿ ನೂರಕ್ಕೆ ನೂರು ಚಾರ್ಜ್. ಆಫೀಸಿನಲ್ಲಿ ತೆಗೆದರೆ ಅರವತ್ತು, ಮೈ ಬೆಚ್ಚಗೆ. ಮುಚ್ಚಳ ಮುಚ್ಚಿದರೆ ನಿದ್ದೆ ಹೋಯಿತು ಅಂದುಕೊಳ್ಳುತ್ತೇವೆ. ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳ ಸ್ಲೀಪ್ ಮೊಬೈಲಿನ ಥರ, ಪರದೆ ಆರಿದರೂ ಒಳಗೆ ಅರೆ ಎಚ್ಚರ. ಮೇಲ್ ನೋಡುವುದಕ್ಕೆ, ಅಪ್‌ಡೇಟ್ ಇಳಿಸುವುದಕ್ಕೆ ಏಳುತ್ತದೆ. ಬ್ಯಾಗಿನಲ್ಲಿ ಗಾಳಿ ಇಲ್ಲ, ಬಿಸಿ ಹೊರಗೆ ಹೋಗುವುದಿಲ್ಲ.

ಪರಿಹಾರ ಒಂದೇ ಸೆಟ್ಟಿಂಗ್. ಕಂಟ್ರೋಲ್ ಪ್ಯಾನಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ. ಮುಚ್ಚಳ ಮುಚ್ಚಿದಾಗ ಏನಾಗಬೇಕು ಅನ್ನುವ ಕಡೆ ಸ್ಲೀಪ್ ಬದಲು ಹೈಬರ್ನೇಟ್ (ಕೆಲಸ ಉಳಿಸಿಟ್ಟು ಪೂರ್ತಿ ಆರುವುದು) ಆರಿಸಿ, ಬ್ಯಾಟರಿಗೂ ಚಾರ್ಜರ್‌ಗೂ ಎರಡಕ್ಕೂ. ತೆರೆದಾಗ ಕೆಲವು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಆದರೆ ಬ್ಯಾಟರಿ ಇಟ್ಟಷ್ಟೇ ಇರುತ್ತದೆ. ಇಷ್ಟು ಮಾಡಲು ಮನಸ್ಸಿಲ್ಲದಿದ್ದರೆ, ಚಾರ್ಜರ್ ಮೊದಲು ಕಿತ್ತು ಆಮೇಲೆ ಮುಚ್ಚಳ ಮುಚ್ಚುವ ಅಭ್ಯಾಸ ಮಾಡಿಕೊಳ್ಳಿ. ಕೆಲವು ಮೆಷಿನ್‌ಗಳಲ್ಲಿ ಇದರಿಂದಲೇ ಗುಣ ಕಾಣುತ್ತದೆ.

ಬ್ಯಾಟರಿಯೇ ಸೊರಗಿದೆಯಾ ಅನ್ನುವ ಅನುಮಾನಕ್ಕೆ ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ಇದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಇರುತ್ತವೆ. ಹೊಸ ಮೆಷಿನ್‌ನಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬೇಕು. ದೊಡ್ಡ ಅಂತರ ಕಂಡರೆ ಆ ಪುಟ ಉಳಿಸಿಕೊಳ್ಳಿ, ವಾರಂಟಿಗೆ ಅದೇ ಸಾಕ್ಷಿ.

ಹಬ್ ಹಾಕಿದರೆ ಮೌಸ್ ತಡವರಿಸುತ್ತದೆ

ಪೋರ್ಟ್ ಕಡಿಮೆ ಇರುವುದರಿಂದ ಎಲ್ಲರೂ ಹಬ್ ಕೊಳ್ಳುತ್ತಾರೆ. ಅದಕ್ಕೆ ಹಾರ್ಡ್ ಡಿಸ್ಕ್ ಸಿಕ್ಕಿಸಿದ ಕೂಡಲೇ ವೈರ್‌ಲೆಸ್ ಮೌಸ್ ತಡೆತಡೆದು ಓಡುತ್ತದೆ, ವೈಫೈ ಬೀಳುತ್ತದೆ. ಯುಎಸ್‌ಬಿ 3 ಕೆಲಸ ಮಾಡುವಾಗ ಹೊರಡುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತ ಬೀಳುತ್ತದೆ. ಮೌಸೂ ಅಲ್ಲೇ, ಹಳೇ ವೈಫೈಯೂ ಅಲ್ಲೇ. ಹಬ್ಬನ್ನು ಒಂದು ಮೊಳ ದೂರ ಸರಿಸಿ, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಮೌಸ್ ಬದಲಾಯಿಸಬೇಕಾಗಿಲ್ಲ.

ತಕ್ಷಣ ನಿಲ್ಲಿಸಬೇಕಾದದ್ದು

ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿಲ್ಲ, ಅಥವಾ ಮೇಲಕ್ಕೆ ಉಬ್ಬಿದೆ. ಮುಚ್ಚಳ ಪೂರ್ತಿ ಮುಚ್ಚುತ್ತಿಲ್ಲ. ಮೇಜಿನ ಮೇಲೆ ಸಮ ಕೂರದೆ ಅಲ್ಲಾಡುತ್ತದೆ. ಇವುಗಳಲ್ಲಿ ಒಂದು ಕಂಡರೂ ಬ್ಯಾಟರಿ ಊದಿಕೊಂಡಿದೆ ಅಂತಲೇ ತಿಳಿಯಿರಿ. ತೆಳು ಮೆಷಿನ್‌ನಲ್ಲಿ ಬ್ಯಾಟರಿ ಇರುವುದು ಸಾಮಾನ್ಯವಾಗಿ ಟಚ್‌ಪ್ಯಾಡ್ ಅಡಿಯಲ್ಲೋ ಪಕ್ಕದಲ್ಲೋ, ಅದಕ್ಕೇ ಮೊದಲ ಸುಳಿವು ಅಲ್ಲಿ ಸಿಗುತ್ತದೆ. ಚಾರ್ಜರ್ ಕಿತ್ತು, ಆಫ್ ಮಾಡಿ. ಒತ್ತಿ ಸರಿಮಾಡಲು ಹೋಗಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ. ಬಟ್ಟೆ, ಹಾಸಿಗೆ ಇಲ್ಲದ ಕಡೆ ನೆಲದ ಮೇಲಿಟ್ಟು ಸರ್ವಿಸ್‌ಗೆ ಫೋನ್ ಮಾಡಿ. ಬೆಂಕಿ ಹೊತ್ತಿಕೊಳ್ಳಬಲ್ಲ ವಸ್ತು ಅದು.

ಇದರ ಸಾಧ್ಯತೆ ಕಡಿಮೆ ಮಾಡಲು ಚಾರ್ಜ್ ಮಿತಿ ನೂರಕ್ಕೆ 80ಕ್ಕೆ ಇಡಿ. ಬಹಳಷ್ಟು ಹೊಸ ಮೆಷಿನ್‌ಗಳಲ್ಲಿ ಆ ಸೆಟ್ಟಿಂಗ್ ಇದೆ. ದಿನವಿಡೀ ಪ್ಲಗ್ಗಿನಲ್ಲೇ ಇರುವ ಅಂಗಡಿ, ಆಫೀಸು ಮೆಷಿನ್‌ಗಳಿಗೆ ಇದು ಬೇಕೇ ಬೇಕು.

ಸರ್ವಿಸ್‌ಗೆ ಹೋಗಲೇಬೇಕಾದರೆ

ಬೇರೆ ಮನೆಯ ಒಳ್ಳೆಯ ಅರ್ತ್ ಇರುವ ಪ್ಲಗ್ಗಿನಲ್ಲಿ, ಡಬ್ಬಿಯಲ್ಲಿ ಬಂದ ಚಾರ್ಜರ್‌ನಲ್ಲೇ ಒಮ್ಮೆ ನೋಡಿ. ಅಲ್ಲೂ ತೊಂದರೆ ಬಂದರೆ, ಎರಡು ಪಿನ್ನಿನ ಚಾರ್ಜರ್‌ನ ಸಣ್ಣ ಜುಮ್ ಬಿಟ್ಟು, ಅದು ಮೆಷಿನ್‌ದೋ ಅದರ ಚಾರ್ಜರ್‌ದೋ. ತೊಂದರೆ ಆಗುವಾಗಲೇ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಸರ್ವಿಸ್ ಮೇಜಿನ ಮೇಲೆ ಅದು ಸುಮ್ಮನಿರುವ ಸಾಧ್ಯತೆಯೇ ಜಾಸ್ತಿ. ಫೈಲ್‌ಗಳ ನಕಲು ಮೊದಲೇ ಇಟ್ಟುಕೊಳ್ಳಿ, ಬಿಲ್ ಜತೆಗಿರಲಿ. ಕೊಡುವಾಗ ಜಾಬ್ ಶೀಟಿನಲ್ಲಿ "ಚಾರ್ಜಿಂಗ್ ಪ್ರಾಬ್ಲಂ" ಅಂತ ಎರಡೇ ಪದ ಬರೆಯಲು ಬಿಡಬೇಡಿ. ಯಾವ ಚಾರ್ಜರ್, ಎಷ್ಟು ವ್ಯಾಟ್, ಬ್ಯಾಟರಿಯಲ್ಲಿ ಓಡಿಸಿದಾಗ ಏನಾಯಿತು, ಎಲ್ಲ ಬರೆಸಿ, ಮೈ ಮೇಲಿನ ಗೀರು ತಗ್ಗುಗಳ ಫೋಟೋ ಅವರೆದುರೇ ತೆಗೆಯಿರಿ. ವಾರಂಟಿ ಇದ್ದೂ ಸುಮ್ಮಸುಮ್ಮನೆ ಓಡಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಆ ಜಾಬ್ ಶೀಟಿನ ನಂಬರ್ ಕೊಡಿ.